ಕೊಡಗಿನಿಂದ ಕಡಲ ತಳಕ್ಕೆ: ವಿದೇಶದಲ್ಲಿ ಸಾಗರ ಭೂವಿಜ್ಞಾನ ಎಂ.ಎಸ್ಸಿ. ಓದಲು ಹೊರಡುವವರಿಗೆ

ಸಮುದ್ರ ಓದಲು ಹೊರಟಿದ್ದೇನೆ ಎಂದಾಗ ನಮ್ಮ ದೊಡ್ಡಪ್ಪ ಒಂದೇ ಪ್ರಶ್ನೆ ಕೇಳಿದರು: "ನಮ್ಮದು ಬೆಟ್ಟದ ಊರು. ಕಡಲಿಗೂ ನಿನಗೂ ಏನು ಸಂಬಂಧ?" ಆಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಇದೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜಾರಿದಾಗ ಆ ಮಣ್ಣು ಪಯಸ್ವಿನಿಗೆ ಇಳಿಯಿತು. ಪಯಸ್ವಿನಿ ಸಂಪಾಜೆ, ಸುಳ್ಯ ದಾಟಿ, ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಅದೇ ಮಳೆಗೆ ಹಟ್ಟಿಹೊಳೆ, ಮಕ್ಕಂದೂರು ಕಡೆ ಜಾರಿದ ಮಣ್ಣು ಹಾರಂಗಿಯತ್ತ ಹರಿದು ಅಣೆಕಟ್ಟೆಯಲ್ಲಿ ಹೂಳಾಗಿ ಕೂತಿತು. ಅಣೆಕಟ್ಟೆ ಇಲ್ಲದ ಕಾಲದಲ್ಲಿ ಅಂಥ ಮಣ್ಣು ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತಿತ್ತು. ಒಂದೇ ಬೆಟ್ಟಸಾಲಿನ ಮಣ್ಣು ಎರಡು ಕಡಲಿಗೆ. ಅದು ಅಲ್ಲಿ ಹೋಗಿ ಏನಾಗುತ್ತದೆ ಎಂದು ಓದುವುದೇ ನನ್ನ ವಿಷಯ.

ಪ್ರತಿ ವರ್ಷ ರಜೆಗೆ ಬಂದಾಗ ನಾಲ್ಕೈದು ಮಕ್ಕಳು, ಅವರ ಅಪ್ಪ ಅಮ್ಮ ಇದೇ ಕೇಳುತ್ತಾರೆ: ಹೇಗೆ ಹೋಗುವುದು, ಎಷ್ಟು ಖರ್ಚು, ಯಾವಾಗ ಶುರು ಮಾಡಬೇಕು. ಎಲ್ಲರಿಗೂ ಹೇಳುವುದನ್ನು ಇಲ್ಲಿ ಬರೆದಿದ್ದೇನೆ. ನಾನು ಓದಿದ್ದು ಜರ್ಮನಿಯಲ್ಲಿ. ಹಾಗಾಗಿ ಹೆಚ್ಚು ಮಾತು ಆ ಕಡೆಯದೇ.

ಮೊದಲು, ಓದುವುದು ಏನು ಎಂದು ತಿಳಿಯಿರಿ

ಸಾಗರ ಭೂವಿಜ್ಞಾನ, ಅಂದರೆ ಮರೈನ್ ಜಿಯೋಸೈನ್ಸ್, ಮೀನು ತಿಮಿಂಗಿಲಗಳ ಓದು ಅಲ್ಲ. ಅದು ಸಾಗರ ಜೀವಶಾಸ್ತ್ರ. ನಾವು ನೋಡುವುದು ನೀರಿನ ಕೆಳಗಿನ ನೆಲವನ್ನು. ಅಲ್ಲಿನ ಕೆಸರು, ಕಲ್ಲು, ಕಣಿವೆ, ಜ್ವಾಲಾಮುಖಿ, ಕುಸಿತ ಎಲ್ಲ ಇದರಲ್ಲಿ ಬರುತ್ತವೆ.

ಕೆಲಸದ ನಡುಮಧ್ಯೆ ಇರುವುದು ಕೋರ್. ಉದ್ದನೆಯ ಕೊಳವೆಯನ್ನು ಕಡಲ ತಳಕ್ಕೆ ಇಳಿಸಿ ಎತ್ತಿದ ಕೆಸರಿನ ಕಂಬ ಅದು. ಹಡಗಿನ ಮೇಲೆ ಅದನ್ನು ತುಂಡು ಮಾಡುತ್ತಾರೆ. ಕೊರೆಯುವ ಹಡಗಿನಲ್ಲಾದರೆ ಒಂದೊಂದು ತುಂಡು 1.5 ಮೀಟರ್. ಪ್ರತಿ ತುಂಡನ್ನು ಉದ್ದಕ್ಕೆ ಎರಡಾಗಿ ಸೀಳುತ್ತಾರೆ. ಒಂದು ಸೀಳು ಮುಂದಿನವರಿಗೆಂದು ಕಾದಿಡಲು, ಇನ್ನೊಂದು ಕೆಲಸಕ್ಕೆ. ಆಮೇಲೆ 4 ಡಿಗ್ರಿ ತಂಪಿನ ಕೋಣೆಯಲ್ಲಿ ಜೋಡಿಸಿಡುತ್ತಾರೆ. ಆ ಕೆಸರನ್ನು ಜರಡಿ ಹಿಡಿದು ತೊಳೆದರೆ ಮರಳಿನಷ್ಟು ಸಣ್ಣ ಚಿಪ್ಪುಗಳು ಸಿಗುತ್ತವೆ. ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಮನೆ ಅವು. ಅವುಗಳಲ್ಲಿರುವ ಆಮ್ಲಜನಕದ ಹಗುರ ಮತ್ತು ಭಾರದ ಪರಮಾಣುಗಳ ಲೆಕ್ಕ ಹಿಡಿದರೆ, ಆ ಜೀವಿ ಬದುಕಿದ್ದಾಗ ನೀರು ಬೆಚ್ಚಗಿತ್ತೇ, ತಂಪಿತ್ತೇ, ನದಿಯ ಸಿಹಿನೀರು ಜಾಸ್ತಿ ಬೆರೆತಿತ್ತೇ ಎಂದು ಅಂದಾಜು ಮಾಡಬಹುದು. ಮುಂಗಾರಿನ ಲಕ್ಷಾಂತರ ವರ್ಷಗಳ ಚರಿತ್ರೆ ತಿಳಿಯುವುದು ಹೀಗೆ. ನಮ್ಮ ಮಳೆಯ ಹಳೆಯ ದಿನಚರಿ ಬಂಗಾಳ ಕೊಲ್ಲಿಯ ತಳದಲ್ಲಿದೆ ಎಂದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಭಾಗ ಭೂಭೌತಶಾಸ್ತ್ರ. ಹಡಗಿನಿಂದ ಶಬ್ದದ ಅಲೆ ಬಿಟ್ಟು, ಅದು ಮರಳುವುದನ್ನು ಅಳೆದು, ತಳದ ನಕ್ಷೆ ಬಿಡಿಸುವುದು. ಕೆಸರಿನ ಪದರಗಳೂ ಅದರಲ್ಲಿ ಕಾಣುತ್ತವೆ. ಗಣಿತ ಇಷ್ಟ ಇರುವವರು ಈ ಕಡೆ ಹೋಗಬಹುದು.

ಗುಡ್ಡ ಜಾರುವುದನ್ನು ಕಣ್ಣಾರೆ ಕಂಡ ನಮ್ಮವರಿಗೆ ಒಂದು ಮಾತು. ಕಡಲ ತಳದಲ್ಲೂ ಗುಡ್ಡ ಜಾರುತ್ತದೆ, ಅದೂ ನಾವು ಊಹಿಸದಷ್ಟು ದೊಡ್ಡದಾಗಿ. ಸುಮಾರು 8,000 ವರ್ಷ ಹಿಂದೆ ನಾರ್ವೆಯ ಆಚೆ ಸ್ಟೊರೆಗ್ಗಾ ಎಂಬಲ್ಲಿ ತಳ ಜಾರಿ ಎದ್ದ ಸುನಾಮಿ ಸ್ಕಾಟ್ಲೆಂಡ್ ತೀರದವರೆಗೂ ಹೋಗಿತ್ತು. ನಮ್ಮ ಅರಬ್ಬೀ ಸಮುದ್ರದಲ್ಲೂ ಅಂಥದ್ದೇ ಒಂದಿದೆ. 2015ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ಲಕ್ಷ್ಮಿ ಜಲಾನಯನ ಎಂಬ ಕಡಲ ತಳದ ತಗ್ಗಿನಲ್ಲಿ ಕೋರ್ ತೆಗೆದಾಗ ನೂರಾರು ಮೀಟರ್ ದಪ್ಪದ ಕುಸಿತದ ರಾಶಿ ಸಿಕ್ಕಿತು. ಅದಕ್ಕೆ ನಟರಾಜ ಕುಸಿತ ಎಂದು ಹೆಸರಿಟ್ಟಿದ್ದಾರೆ. ಆಗಿದ್ದು ಸುಮಾರು 1.1 ಕೋಟಿ ವರ್ಷ ಹಿಂದೆ. ಜಾರಿದ ರಾಶಿ ಸುಮಾರು 19,000 ಘನ ಕಿಲೋಮೀಟರ್.

ಡಿಗ್ರಿಯಲ್ಲೇ ತಳಪಾಯ ಹಾಕಿ

ವಿದೇಶದ ವಿಶ್ವವಿದ್ಯಾಲಯ ಮೊದಲು ನೋಡುವುದು ನಿಮ್ಮ ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಎಷ್ಟಿದೆ ಎಂದು. ಭೂಗರ್ಭಶಾಸ್ತ್ರ ಒಂದು ಮುಖ್ಯ ವಿಷಯವಾಗಿ ಇದ್ದರೆ ದಾರಿ ಸುಲಭ. ಬರೀ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ಕಿರಿದು. ಅಂಥವರು ಅರ್ಜಿ ಹಾಕುವ ಮೊದಲೇ ಆ ಕೋರ್ಸಿನ ಸಂಯೋಜಕರಿಗೆ ಮಾರ್ಕ್ಸ್ ಕಾರ್ಡ್ ಜೊತೆ ಒಂದು ಮೇಲ್ ಬರೆದು ಕೇಳುವುದು ಒಳ್ಳೆಯದು. ಅವರು ಉತ್ತರ ಕೊಡುತ್ತಾರೆ.

ನನ್ನ ಸಲಹೆ ಕೇಳಿದರೆ, ಪಿಯುಸಿ ಮುಗಿಸಿದ ಮೇಲೆ ಮೈಸೂರು, ಮಂಗಳೂರು, ಬೆಂಗಳೂರು ಕಡೆ ಭೂಗರ್ಭಶಾಸ್ತ್ರ ಇರುವ ಬಿ.ಎಸ್ಸಿ. ಹುಡುಕಿ. ಬೆಟ್ಟ ಇಳಿದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂಗರ್ಭಶಾಸ್ತ್ರ ವಿಭಾಗವೇ ಇದೆ. ದೇಶದಲ್ಲಿ ಅಂಥ ವಿಭಾಗಗಳು ಬಹಳ ಕಡಿಮೆ. ವಿದೇಶ ಬೇಡ ಎನ್ನುವವರು ಅಲ್ಲೇ ಎಂ.ಎಸ್ಸಿ. ಮಾಡಬಹುದು. ಅದು ಯಾವ ರೀತಿಯಲ್ಲೂ ಎರಡನೇ ದರ್ಜೆಯ ಆಯ್ಕೆ ಅಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಾಗರ ವಿಭಾಗದ ಮುಖ್ಯ ಕಚೇರಿಯೂ ಮಂಗಳೂರಿನಲ್ಲೇ ಇದೆ.

ಡಿಗ್ರಿಯ ರಜೆಗಳಲ್ಲಿ ಎರಡು ಕೆಲಸ ಮಾಡಿ. ಒಂದು, ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ಸಾಫ್ಟ್‌ವೇರ್ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಅಲ್ಲಿಗೆ ಹೋದ ಮೇಲೆ ಕಲಿತರಾಯಿತು ಎಂದು ನಾನು ಬಿಟ್ಟಿದ್ದೆ, ಮೊದಲ ಸೆಮಿಸ್ಟರ್ ಪೂರ್ತಿ ಅದಕ್ಕೇ ಹೋಯಿತು. ಎರಡು, ನಿಮ್ಮ ಊರಿನ ಕಲ್ಲು ನೋಡಿ. ಕೊಡಗಿನ ಕಲ್ಲುಗಳಲ್ಲಿ 300 ಕೋಟಿ ವರ್ಷಕ್ಕಿಂತ ಹಳೆಯವು ಇವೆ. ಒಂದು ತೋಡಿನ ದಡದಲ್ಲಿ ಕೂತು ಮಣ್ಣಿನ ಪದರಗಳನ್ನು ಬಣ್ಣ, ದಪ್ಪ, ಕಣದ ಗಾತ್ರ ಎಲ್ಲ ಬರೆದು ಚಿತ್ರ ಬಿಡಿಸಿ. ಕೋರ್ ಓದುವುದೂ ಅದೇ ಕೆಲಸ.

ಯಾವ ದೇಶ?

ಜರ್ಮನಿಯಲ್ಲಿ ಎರಡು ಊರು ಮುಖ್ಯ. ಬ್ರೆಮೆನ್ ವಿಶ್ವವಿದ್ಯಾಲಯದ ಮರೈನ್ ಜಿಯೋಸೈನ್ಸಸ್ ಎಂ.ಎಸ್ಸಿ. ಇಂಗ್ಲಿಷಿನಲ್ಲೇ ನಡೆಯುತ್ತದೆ. ನಾಲ್ಕು ಸೆಮಿಸ್ಟರ್, 120 ಕ್ರೆಡಿಟ್. ಅಲ್ಲಿನ ಮಾರುಮ್ ಎಂಬ ಸಾಗರ ಸಂಶೋಧನಾ ಕೇಂದ್ರದಲ್ಲಿ ಜಗತ್ತಿನ ದೊಡ್ಡ ಕೋರ್ ಭಂಡಾರಗಳಲ್ಲಿ ಒಂದಿದೆ. ಅಟ್ಲಾಂಟಿಕ್, ಆರ್ಕ್ಟಿಕ್, ಮೆಡಿಟರೇನಿಯನ್ ಸಮುದ್ರಗಳ ಕೋರ್‌ಗಳು ಅಲ್ಲಿವೆ. ಇನ್ನೊಂದು ಕೀಲ್. ಅಲ್ಲಿ ಗಿಯೋಮಾರ್ ಎಂಬ ಹೆಸರಾಂತ ಸಂಶೋಧನಾ ಕೇಂದ್ರ ಇದೆ. ಈ ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳು, ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರಿಗೆ ಕೆಲವು ನೂರು ಯೂರೋ ವಂತಿಗೆ ಮಾತ್ರ. ಜರ್ಮನಿ ಎಲ್ಲ ಕಡೆ ಉಚಿತ ಎಂದು ನಂಬಬೇಡಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು.

ಇಂಗ್ಲೆಂಡಿನ ಸೌತಾಂಪ್ಟನ್ ಈ ವಿಷಯಕ್ಕೆ ಬಹಳ ಒಳ್ಳೆಯ ಜಾಗ. ಕೋರ್ಸ್ ಒಂದೇ ವರ್ಷ. ಆದರೆ ಶುಲ್ಕ 20,000 ಪೌಂಡ್ ದಾಟುತ್ತದೆ. ನಾರ್ವೆಯ ಬರ್ಗೆನ್ ಮೊದಲು ಉಚಿತವಾಗಿತ್ತು. 2023ರಿಂದ ಯುರೋಪಿನ ಹೊರಗಿನವರಿಗೆ ಅಲ್ಲೂ ಶುಲ್ಕ ಬಂದಿದೆ. ಹಳೆಯ ವಿಡಿಯೋ ನೋಡಿ ಮೋಸ ಹೋಗಬೇಡಿ.

ಕಾಗದಪತ್ರ: ಮಳೆ ಹಿಡಿಯುವ ಮೊದಲೇ

ನಾನು ಅತಿ ಹೆಚ್ಚು ಒತ್ತಿ ಹೇಳುವುದು ಇದನ್ನೇ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು. ಅರ್ಜಿಯ ಕೊನೆಯ ದಿನ ಒಂದೊಂದು ಕಡೆ ಒಂದೊಂದು, ಹೆಚ್ಚಾಗಿ ಜನವರಿಯಿಂದ ಜುಲೈ ಮಧ್ಯದವರೆಗೆ. ವೀಸಾದ ಓಡಾಟ ಸರಿಯಾಗಿ ಜೂನ್, ಜುಲೈ, ಆಗಸ್ಟಿಗೆ ಬೀಳುತ್ತದೆ. ಆಗ ನಮ್ಮಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತು. ಮರ ಬಿದ್ದು ಕರೆಂಟ್ ಇಲ್ಲ, ಟವರ್ ಇಲ್ಲ, ಘಾಟಿ ರಸ್ತೆ ಬಂದ್. ನನಗೆ ಮುಖ್ಯವಾದ ಒಂದು ಮೇಲ್ ಬಂದು ಮೂರು ದಿನ ಆಗಿತ್ತು, ನಾನು ನೋಡಿರಲೇ ಇಲ್ಲ. ಕೊನೆಗೆ ಕುಶಾಲನಗರದಲ್ಲಿ ನೆಂಟರ ಮನೆಯಲ್ಲಿ ಹದಿನೈದು ದಿನ ಕೂತು ಕೆಲಸ ಮುಗಿಸಿದೆ. ನೀವು ಮೊದಲೇ ಅಂಥ ಒಂದು ಮನೆ ನೋಡಿಟ್ಟುಕೊಳ್ಳಿ.

ಆದ್ದರಿಂದ ಹಿಂದಿನ ವರ್ಷದ ಪುತ್ತರಿ ಹಬ್ಬದ (ನವೆಂಬರ್-ಡಿಸೆಂಬರ್) ಹೊತ್ತಿಗೇ ಶುರು ಮಾಡಿ. ಪಾಸ್‌ಪೋರ್ಟ್ ಮೊದಲು. ಅದರಲ್ಲಿ ನಿಮ್ಮ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆಯೇ ಇರಬೇಕು. ನಮ್ಮಲ್ಲಿ ಮನೆ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬರೀ ಇನಿಷಿಯಲ್ ಇರುತ್ತದೆ ಅಲ್ವಾ? ಅದೇ ದೊಡ್ಡ ತಲೆನೋವು. ಈಗಲೇ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಆಮೇಲೆ ಎಪಿಎಸ್ ಪ್ರಮಾಣಪತ್ರ. ನಿಮ್ಮ ಮಾರ್ಕ್ಸ್ ಕಾರ್ಡ್ ಅಸಲಿ ಎಂದು ದೆಹಲಿಯ ಎಪಿಎಸ್ ಕಚೇರಿ ಪರಿಶೀಲಿಸಿ ಕೊಡುವ ಪತ್ರ ಇದು. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಜರ್ಮನ್ ವೀಸಾಕ್ಕೆ ಇದು ಕಡ್ಡಾಯ. ಕೆಲವು ವಿಶ್ವವಿದ್ಯಾಲಯಗಳು ಅರ್ಜಿಯ ಜೊತೆಗೇ ಕೇಳುತ್ತವೆ. ನಾನು ವಿಚಾರಿಸಿದಾಗ ಶುಲ್ಕ 18,000 ರೂಪಾಯಿ ಇತ್ತು.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 6.5 ಅಂಕ ಕೇಳುತ್ತಾರೆ. ಅದು ಎರಡು ವರ್ಷ ನಡೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಹೆದರಬೇಡಿ. ದಿನಾ ಒಂದು ವಿಜ್ಞಾನ ಲೇಖನವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ, ಹತ್ತು ಸಾಲು ಬರೆಯಿರಿ. ಆರು ತಿಂಗಳು ಸಾಕು.

ನಿಮ್ಮ ಅಂಕ ಜರ್ಮನ್ ಲೆಕ್ಕದಲ್ಲಿ ಎಷ್ಟು ಎಂದು ನೀವೇ ನೋಡಬಹುದು. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಗರಿಷ್ಠ ಅಂಕದಿಂದ ಪಾಸ್ ಅಂಕ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ನಿಮಗೆ ಶೇಕಡಾ 72 ಬಂದು ಪಾಸ್ ಅಂಕ 40 ಆಗಿದ್ದರೆ, 28ನ್ನು 60ರಿಂದ ಭಾಗಿಸಿ, 3ರಿಂದ ಗುಣಿಸಿದರೆ 1.4. ಒಂದು ಕೂಡಿಸಿದರೆ 2.4. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸ್. 2.5ರ ಒಳಗಿದ್ದರೆ ಧೈರ್ಯವಾಗಿ ಅರ್ಜಿ ಹಾಕಿ.

ಶಿಫಾರಸು ಪತ್ರಕ್ಕೆ ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು ಮೇಷ್ಟ್ರುಗಳನ್ನು ಎರಡು ತಿಂಗಳು ಮೊದಲೇ ಕೇಳಿ. ದೊಡ್ಡ ಹುದ್ದೆಯವರು ಬೇಕಿಲ್ಲ. ನಿಮ್ಮ ಜೊತೆ ಫೀಲ್ಡಿಗೆ ಬಂದವರು ಬೇಕು.

ನಿಮ್ಮ ಕಾರಣ ಹೇಳುವ ಪತ್ರ

ಎಲ್ಲರೂ ಎಡವುವುದು ಇಲ್ಲಿ. "ಚಿಕ್ಕಂದಿನಿಂದ ನನಗೆ ಸಮುದ್ರ ಎಂದರೆ ಪ್ರಾಣ" ಎಂದು ನಾನೂ ಮೊದಲ ವರ್ಷ ಬರೆದಿದ್ದೆ. ಸೀಟು ಸಿಗಲಿಲ್ಲ. ಎರಡನೇ ವರ್ಷ ನಿಜ ಬರೆದೆ. 2018ರ ಮಳೆಯ ಬೆಳಗ್ಗೆ ನಮ್ಮ ಗದ್ದೆಯ ಮೇಲೆ ಸೊಂಟದೆತ್ತರ ಕೆಸರು ಕೂತಿತ್ತು. ಎರಡು ವರ್ಷ ಆ ಗದ್ದೆ ನಾಟಿ ಆಗಲಿಲ್ಲ. ಆ ಕೆಸರನ್ನು ಅಗೆದಾಗ ಕೆಳಗೆ ದಪ್ಪ ಕಲ್ಲು, ಮೇಲೆ ಮೇಲೆ ಸಣ್ಣ ಕಣ ಕಂಡೆ. ಆಮೇಲೆ ತರಗತಿಯಲ್ಲಿ ಕಡಲ ತಳದ ಕೆಸರು ಪ್ರವಾಹಗಳ ಚಿತ್ರ ನೋಡಿದಾಗ ಅದೇ ಜೋಡಣೆ ಅಲ್ಲೂ ಇತ್ತು. ಇಷ್ಟನ್ನೇ ಬರೆದೆ. ಆಮೇಲೆ ಆ ವಿಭಾಗದಲ್ಲಿ ಯಾರು ಈ ಬಗೆಯ ಕೆಲಸ ಮಾಡುತ್ತಾರೆ, ನಾನು ಯಾವ ಎರಡು ಪಾಠಗಳಿಗಾಗಿ ಬರುತ್ತಿದ್ದೇನೆ ಎಂದು ಬರೆದೆ. ಒಂದೂವರೆ ಪುಟ ಆಯಿತು.

ನೀವು ನನ್ನ ಕಥೆ ನಕಲು ಮಾಡಬೇಡಿ. ನಿಮ್ಮ ಬಳಿ ನಿಮ್ಮದೇ ಇರುತ್ತದೆ. ಬಾವಿಯ ನೀರು ಬಣ್ಣ ತಿರುಗಿದ್ದು, ಮಳೆ ಅಳೆದು ಬರೆದಿಟ್ಟ ಅಜ್ಜನ ಪುಸ್ತಕ. ಕಾಫಿ ತೋಟದವರ ಮನೆಯಲ್ಲಿ ಇಂಚು, ಸೆಂಟಿನಲ್ಲಿ ಮಳೆ ಬರೆದಿಡುವ ಅಭ್ಯಾಸ ಇದೆಯಲ್ಲ, ಹವಾಮಾನ ಓದುವವರಿಗೆ ಅದೊಂದು ನಿಧಿ. ಏಜೆಂಟರ ಕೈಯಲ್ಲಿ ಈ ಪತ್ರ ಬರೆಸಬೇಡಿ. ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ದುಡ್ಡಿನ ಲೆಕ್ಕ

ವೀಸಾಕ್ಕೆ ಬ್ಲಾಕ್ಡ್ ಅಕೌಂಟ್ ಬೇಕು. ಒಂದು ವರ್ಷದ ಖರ್ಚನ್ನು ಮೊದಲೇ ತುಂಬಿಡುವ ಖಾತೆ ಅದು. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯೂರೋ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಕೈಗೆ ಬರುತ್ತದೆ. ಯೂರೋಗೆ 100 ರೂಪಾಯಿ ಹಿಡಿದರೂ 12 ಲಕ್ಷದ ಹತ್ತಿರ. ಈ ಮೊತ್ತ ಆಗಾಗ ಏರುತ್ತದೆ, ಅರ್ಜಿ ಹಾಕುವ ದಿನ ಮತ್ತೆ ನೋಡಿ. ಇದರ ಮೇಲೆ ವಿಮಾನ, ಎಪಿಎಸ್, ಪರೀಕ್ಷೆ, ವೀಸಾದ 75 ಯೂರೋ, ಮೊದಲ ತಿಂಗಳ ಮನೆ ಡಿಪಾಸಿಟ್ ಎಂದು ಇನ್ನೂ ಎರಡು ಮೂರು ಲಕ್ಷ ಇಟ್ಟುಕೊಳ್ಳಿ. ಆರೋಗ್ಯ ವಿಮೆಗೇ ತಿಂಗಳಿಗೆ 140ರಿಂದ 150 ಯೂರೋ ಹೋಗುತ್ತದೆ.

ಸಾಲದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ವಿಶೇಷ ತೊಡಕಿದೆ. ಸರ್ಕಾರಿ ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡ ಕೇಳುತ್ತಾರೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಆರ್‌ಟಿಸಿಯಲ್ಲಿ ಪಟ್ಟೆದಾರರು, ಇಡೀ ಒಕ್ಕದವರ, ಅಂದರೆ ಕುಲದವರ ಹೆಸರು ಸೇರಿರುತ್ತದೆ. ತೋಟ ಎಷ್ಟು ಎಕರೆ ಇದ್ದರೂ ಬ್ಯಾಂಕಿನವರು ಅದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಎಲ್ಲರ ಸಹಿ ಬೇಕು, ಒಬ್ಬರು ಬೆಂಗಳೂರು, ಒಬ್ಬರು ದುಬೈ. ನಮ್ಮ ಮನೆಯಲ್ಲಿ ಇದಕ್ಕೇ ಎಂಟು ತಿಂಗಳು ಹೋಯಿತು. ಹಾಗಾಗಿ ಅಪ್ಪ ಅಮ್ಮನ ಜೊತೆ ಈ ಮಾತನ್ನು ಡಿಗ್ರಿಯ ಎರಡನೇ ವರ್ಷದಲ್ಲೇ ಆಡಿ. ಒಬ್ಬರ ಹೆಸರಿನಲ್ಲೇ ಇರುವ ಸೈಟು, ಮನೆ, ಠೇವಣಿ ಏನಿದೆ ನೋಡಿ. ಕಾಫಿ, ಕರಿಮೆಣಸಿನ ದುಡ್ಡು ಮನೆಗೆ ಬರುವ ಫೆಬ್ರವರಿ, ಮಾರ್ಚ್ ಹೊತ್ತಿಗೆ ಬ್ಯಾಂಕಿಗೆ ಹೋದರೆ ಖಾತೆಯ ವಹಿವಾಟೂ ಚೆನ್ನಾಗಿ ಕಾಣುತ್ತದೆ.

ವಿದ್ಯಾರ್ಥಿವೇತನ ಬಿಡಬೇಡಿ. ಜರ್ಮನಿಯ ಡಾಡ್ (DAAD) ಸಂಸ್ಥೆಯದು ಯಾವುದಾದರೂ ನಿಮ್ಮ ಕೋರ್ಸಿಗೆ ಇದೆಯೇ ನೋಡಿ, ಪೈಪೋಟಿ ಜಾಸ್ತಿ. ಪರಿಶಿಷ್ಟ ಜಾತಿಯವರಿಗೆ, ಪರಿಶಿಷ್ಟ ಪಂಗಡದವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಬೇರೆ ಬೇರೆ ಇದೆ. ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆಯೂ ಈ ಸಮುದಾಯಗಳಿಗೇ. ಎರವ, ಜೇನುಕುರುಬ, ಬೆಟ್ಟಕುರುಬ ಹಾಡಿಗಳ ಮಕ್ಕಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ನಿಮ್ಮ ಕಾಲೇಜಿನಲ್ಲಿ ಅಂಥ ಗೆಳೆಯರಿದ್ದರೆ ದಯವಿಟ್ಟು ನೀವೇ ಹೇಳಿ, ಅರ್ಜಿ ತುಂಬಲು ಜೊತೆಗೆ ಕೂತುಕೊಳ್ಳಿ.

ಓದುವಾಗ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅಲ್ಲಿ ಅವಕಾಶ ಇದೆ. ವಿಭಾಗದ ಲ್ಯಾಬಿನಲ್ಲೇ ವಿದ್ಯಾರ್ಥಿ ಸಹಾಯಕರ ಕೆಲಸ ಹುಡುಕಿ. ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು ಅವಮಾನ ಅಲ್ಲ. ಆದರೆ ಲ್ಯಾಬಿನಲ್ಲಿ ಚಿಪ್ಪು ತೊಳೆದರೆ ಸಂಬಳದ ಜೊತೆ ಪಾಠವೂ ಸಿಗುತ್ತದೆ.

ಹೊರಡುವಾಗ, ಇಳಿದ ಮೇಲೆ

ಪ್ರವೇಶ ಪತ್ರ ಬಂದ ದಿನವೇ ಎರಡು ಕೆಲಸ: ವೀಸಾ ಅರ್ಜಿ, ವಿದ್ಯಾರ್ಥಿ ವಸತಿಗೆ ಅರ್ಜಿ. ವಸತಿಗೆ ಉದ್ದ ಸಾಲಿರುತ್ತದೆ. ನೋಡದ ಮನೆಗೆ ಮುಂಗಡ ಕಳಿಸಿ ಎಂದು ಯಾರಾದರೂ ಮೇಲ್ ಮಾಡಿದರೆ ಕಳಿಸಬೇಡಿ.

ಪೆಟ್ಟಿಗೆಯ ವಿಷಯ. ಮಾಂಸ, ಹಾಲಿನ ಪದಾರ್ಥ ಯುರೋಪಿಗೆ ಒಯ್ಯುವಂತಿಲ್ಲ. ಅಮ್ಮ ಎಷ್ಟೇ ಪ್ರೀತಿಯಿಂದ ಕಟ್ಟಿಕೊಟ್ಟರೂ ಹಂದಿ ಉಪ್ಪಿನಕಾಯಿ, ತುಪ್ಪ ಬೇಡ. ಜೇನುತುಪ್ಪ 2 ಕಿಲೋವರೆಗೆ ಆಗುತ್ತದೆ. ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ ಕಾಚಂಪುಳಿಯ ಸಣ್ಣ ಬಾಟಲಿಯನ್ನು ಚೆಕ್-ಇನ್ ಸಾಮಾನಿನಲ್ಲಿ ಚೆನ್ನಾಗಿ ಸುತ್ತಿಡಿ. ಅದೊಂದಿದ್ದರೆ ಅಲ್ಲಿನ ಅಂಗಡಿಯ ಹಂದಿಮಾಂಸ ನಮ್ಮ ಮನೆಯದಾಗುತ್ತದೆ.

ಪಾಠ ಶುರುವಾಗುವುದು ಅಕ್ಟೋಬರ್ ಮಧ್ಯದಲ್ಲಿ, ಸರಿಯಾಗಿ ತಲಕಾವೇರಿಯ ತೀರ್ಥೋದ್ಭವದ ಹೊತ್ತಿಗೆ. ಆ ವಾರ ಮನೆ ನೆನಪು ತುಂಬ ಕಾಡುತ್ತದೆ. ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಮಳೆಗಾಲ ಗೊತ್ತಿರುವ ನಮಗೆ ಮಳೆ ಹೊಸತಲ್ಲ, ಕತ್ತಲು ಹೊಸತು. ದಿನಾ ಹಗಲಲ್ಲಿ ಅರ್ಧ ಗಂಟೆ ಹೊರಗೆ ನಡೆಯಿರಿ. ಮನಸ್ಸು ಕುಗ್ಗಿದರೆ ವಿಶ್ವವಿದ್ಯಾಲಯದ ಸಮಾಲೋಚಕರ ಹತ್ತಿರ ಮಾತಾಡಿ, ದುಡ್ಡು ಕೊಡಬೇಕಿಲ್ಲ.

ಮನೆ ಸಿಕ್ಕಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಅದಿಲ್ಲದೆ ಮುಂದಿನ ಯಾವ ಕಚೇರಿ ಕೆಲಸವೂ ನಡೆಯುವುದಿಲ್ಲ. ಪಾಠ ಇಂಗ್ಲಿಷಿನಲ್ಲಿದ್ದರೂ ಜರ್ಮನ್ ಭಾಷೆಯ ಮೊದಲ ಹಂತವನ್ನು ಇಲ್ಲೇ ಕಲಿತು ಹೋಗಿ.

ಸಂಶೋಧನಾ ಹಡಗು ಹತ್ತುವ ಅವಕಾಶ ಬಂದರೆ ಬೇಡ ಎನ್ನಬೇಡಿ. ಅದಕ್ಕೆ ವೈದ್ಯಕೀಯ ತಪಾಸಣೆ ಇರುತ್ತದೆ. ಮೊದಲ ಎರಡು ದಿನ ಹೊಟ್ಟೆ ತೊಳಸುತ್ತದೆ. ಮಡಿಕೇರಿ ಘಾಟಿಯಲ್ಲಿ ಬಸ್ಸಿನಲ್ಲಿ ವಾಂತಿ ಮಾಡುವವರು ಮಾತ್ರೆ ಮರೆಯಬೇಡಿ. ರಾತ್ರಿ ಪಾಳಿಯಲ್ಲಿ ಕೋರ್ ಮೇಲೆ ಬಂದಾಗ ಎಲ್ಲ ಮರೆತುಹೋಗುತ್ತದೆ. ಸಾವಿರಾರು ವರ್ಷ ಯಾರೂ ಮುಟ್ಟದ ಕೆಸರು ನಿಮ್ಮ ಕೈಯಲ್ಲಿ ತಣ್ಣಗೆ ಇರುತ್ತದೆ.

ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ನಮ್ಮ ಕಡಲನ್ನೇ ಆರಿಸಬೇಕು ಎಂದಿದ್ದರೆ ಎರಡನೇ ಸೆಮಿಸ್ಟರಿನಲ್ಲೇ ಮಾರ್ಗದರ್ಶಕರಿಗೆ ಹೇಳಿ. ಹಿಂದೂ ಮಹಾಸಾಗರದ ಕೊರೆತಗಳ ಕೋರ್‌ಗಳು ಜಪಾನಿನ ಕೋಚಿಯ ಭಂಡಾರದಲ್ಲಿವೆ. ಲಕ್ಷ್ಮಿ ಜಲಾನಯನದವೂ ಅಲ್ಲೇ. ಹಡಗಿಗೆ ಹೋದ ವಿಜ್ಞಾನಿಗಳಿಗೆ ಮೀಸಲಾದ ಅವಧಿ ಮುಗಿದ ಮೇಲೆ ಜಗತ್ತಿನ ಯಾವ ಸಂಶೋಧಕರು ಬೇಕಾದರೂ ಮಾದರಿ ಕೇಳಬಹುದು. ಅದಕ್ಕೊಂದು ಮನವಿ ಅರ್ಜಿ ಇದೆ. ಯಾವ ಕೊರೆತ, ಯಾವ ಆಳ, ಎಷ್ಟು ಘನ ಸೆಂಟಿಮೀಟರ್, ಅದರಿಂದ ಏನು ಅಳೆಯುತ್ತೀರಿ ಎಂದು ಸ್ಪಷ್ಟವಾಗಿ ಬರೆಯಬೇಕು. ಮಾದರಿ ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಅರ್ಜಿಯನ್ನು ಮೂರನೇ ಸೆಮಿಸ್ಟರ್ ಶುರುವಾಗುವ ಮೊದಲೇ ಕಳಿಸಿಬಿಡಿ.